ಶೇಂಗಾ, ಕಡಲೆಕಾಯಿ ಮತ್ತು ಅವ್ವನ ಒಂದು ತಿಂಗಳು

ದೀಪಾವಳಿ ಮುಗಿದು ಕಾರ್ತಿಕ ಶುರುವಾಯ್ತು ಅಂದ್ರೆ ಬೆಂಗಳೂರು ತಿರುಗಾಡೋಕೆ ಹೇಳಿ ಮಾಡಿಸಿದ ಹಾಗಿರುತ್ತೆ. ಮಳೆ ಹಿಂದೆ ಸರಿದಿರುತ್ತೆ, ಬಿಸಿಲು ಚುರುಗುಟ್ಟಲ್ಲ, ಬೆಳಿಗ್ಗೆ ಒಂದು ತೆಳು ಸ್ವೆಟರ್ ಇದ್ರೆ ಸಾಕು. ಪ್ರತಿ ವರ್ಷ ಈ ತಿಂಗಳಿಗೆ ನಾನೊಂದು ಪಟ್ಟಿ ಮಾಡ್ತೀನಿ: ನಾಲ್ಕು ಭಾನುವಾರ, ನಾಲ್ಕು ಜಾಗ, ವಾರದ ಮಧ್ಯೆ ಮಗಳ ಜೊತೆ ಕೂತು ಮಾಡೋಕೆ ಒಂದು ಕೈಕೆಲಸ. ಆಫೀಸಿನಲ್ಲಿ ಎರಡು ವಾರದ ಸ್ಪ್ರಿಂಟ್ ಪ್ಲಾನ್ ಮಾಡಿ ಮಾಡಿ ಮನೆಗೂ ಅದೇ ಅಭ್ಯಾಸ ಬಂದುಬಿಟ್ಟಿದೆ ಅಂತ ನನ್ನ ಗಂಡ ನಗ್ತಾರೆ.

ಈ ಸಲದ ಪಟ್ಟಿಗೆ ಇನ್ನೊಂದು ಕಾರಣ ಇತ್ತು. ಅಪ್ಪ ಹೋಗಿ ಎಂಟು ತಿಂಗಳಾಯ್ತು. ಧಾರವಾಡದ ಮಾಳಮಡ್ಡಿಯ ಮನೇಲಿ ಅವ್ವ ಒಬ್ಬಳೇ ಇದ್ದಳು. ನಾನು ಒಬ್ಬಳೇ ಮಗಳು. ದಸರೆ ಮುಗಿದ ಮೇಲೆ ಹೋಗಿ ಕರ್ಕೊಂಡು ಬಂದ್ವಿ. ಮನೆಗೆ ಬೀಗ ಹಾಕಿ, ಕೀಲಿಕೈನ ಸೆರಗಿನ ತುದಿಗೆ ಗಂಟು ಹಾಕ್ಕೊಂಡೇ ಅವ್ವ ರೈಲು ಹತ್ತಿದ್ದು. ಬಾಡಿಗೆಗೆ ಕೊಡ್ತೀರಾ ಅಂತ ಬ್ಯಾಂಕಿನವರೊಬ್ಬರು ಕೇಳ್ತಾನೇ ಇದ್ರು. ಕೊಟ್ಟರೆ ಅವ್ವ ಬೆಂಗಳೂರಿನವಳಾದ ಹಾಗೆ, ಇಲ್ಲಾಂದ್ರೆ ವಾಪಸ್ ಹೋಗ್ತಾಳೆ ಅಂತ ನನ್ನ ಲೆಕ್ಕ.

"ಕಾರ್ತಿಕ ಅಮಾಸಿ ತನಕ ನೋಡ್ತೀನಿ. ಆಮ್ಯಾಲೆ ಹೇಳ್ತೀನಿ" ಅಂದಳು ಅವ್ವ.

ಹಾಗಾಗಿ ಈ ತಿಂಗಳ ಅಂಕಣ ಒಂದು ಊರು ಒಬ್ಬ ಮನುಷ್ಯಳಿಗೆ ಒಗ್ಗೋದು ಹೇಗೆ ಅನ್ನೋದರ ಬಗ್ಗೆ. ನಡುವೆ ನೀವು ಹೋಗಿಬರಬಹುದಾದ ಜಾಗಗಳೂ ಇವೆ, ಮನೇಲಿ ಕೂತು ಕಲಿಯಬಹುದಾದ ಒಂದು ಕಲೆಯೂ ಇದೆ.

ಮೊದಲ ವಾರ: 300 ಕೋಟಿ ವರ್ಷದ ಬಂಡೆ

ನಮ್ಮದು ಬನಶಂಕರಿ ಕಡೆ ಮನೆ. ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನಾಲ್ಕನೇ ನಿಲ್ದಾಣದೊಳಗೆ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಗಾಜಿನ ಮನೆ, ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನ, ಇದೆಲ್ಲ ನಿಮಗೆ ಗೊತ್ತಿರೋದೇ. ಆದರೆ ಅಲ್ಲಿಗೆ ಹೋದವರಲ್ಲಿ ತುಂಬಾ ಜನ ಹೂವು ನೋಡ್ತಾರೆ, ಬಂಡೆ ನೋಡಲ್ಲ. ಮೇಲೆ ಕೆಂಪೇಗೌಡರ ಹೆಸರಿನ ಗೋಪುರ ಇದೆಯಲ್ಲ, ಅದರ ಕೆಳಗಿರೋ ಬೋಳು ಬಂಡೆ ಸುಮಾರು 300 ಕೋಟಿ ವರ್ಷ ಹಳೇದು. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲಾರ್ ನೈಸ್ ಅಂತಾರೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ; ಹಾಗಂತ ಬರೆದ ಫಲಕವೂ ಅಲ್ಲೇ ಇದೆ. ಬಂಡೆ ಮೇಲೆ ಬಗ್ಗಿ ನೋಡಿದರೆ ಕಪ್ಪು ಬಿಳುಪಿನ ಪಟ್ಟೆಗಳು ಅಲೆ ಅಲೆಯಾಗಿ ಕಾಣುತ್ತವೆ. ಭೂಮಿಯ ಆಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಕಲ್ಲು ಹಿಟ್ಟಿನ ಹಾಗೆ ಮಡಚಿಕೊಂಡ ಗುರುತು ಅದು.

ಐದು ವರ್ಷದ ಮಗಳಿಗೆ 300 ಕೋಟಿ ಅಂದ್ರೆ ಅರ್ಥ ಆಗಲ್ಲ. "ಡೈನೋಸಾರ್‌ಗಿಂತ ಹಳೇದಾ?" ಅಂದಳು. ಡೈನೋಸಾರ್ ಹುಟ್ಟಿದ್ದು ಮೊನ್ನೆ ಮೊನ್ನೆ, 25 ಕೋಟಿ ವರ್ಷವೂ ಆಗಿಲ್ಲ, ಈ ಬಂಡೆ ಅವುಗಳ ಮುತ್ತಜ್ಜನಿಗೂ ಮುತ್ತಜ್ಜ ಅಂದೆ. ಅವಳು ಬಂಡೆಗೆ ನಮಸ್ಕಾರ ಮಾಡಿದಳು. ಹಾಳೆ ಇಟ್ಟು ಕ್ರೇಯಾನ್ ಅಡ್ಡ ಹಿಡಿದು ಉಜ್ಜಿ, ಬಂಡೆಯ ಮೇಲ್ಮೈನ ಕಾಗದಕ್ಕೆ ಇಳಿಸೋದು ಆ ದಿನದ ನಮ್ಮ ಚಟುವಟಿಕೆ. ಮಕ್ಕಳಿರೋ ಮನೆಯವರು ಮಾಡಿ ನೋಡಿ, ಖರ್ಚಿಲ್ಲ.

ಅವ್ವ ಗೋಪುರದ ನೆರಳಲ್ಲಿ ಕೂತಿದ್ದಳು. "300 ಕೋಟಿ ವರ್ಷದಿಂದ ಇಲ್ಲೇ ಕೂತದ? ನನಗ ಹದಿನೈದ ದಿನ ಕೂತದ್ದಕ್ಕ ಸೊಂಟ ಹಿಡದದ" ಅಂದಳು. ನಾವೆಲ್ಲ ನಕ್ವಿ. ಬರೋವಾಗ ಮೆಟ್ರೊದಲ್ಲಿ ಮೆಲ್ಲಗೆ ಹೇಳಿದಳು: "ಊರು ಛಲೋ ಅದ. ಖರೆ ಹೇಳ್ಲಿ? ನಾಳಿಗೆ ನೀವಿಬ್ಬರೂ ಕೆಲಸಕ್ಕ ಹೋಗ್ತೀರಿ, ಕೂಸು ಸಾಲಿಗೆ ಹೋಗ್ತದ. ಆವಾಗ ನಾ ಏನ ಮಾಡ್ಲಿ? ಇಷ್ಟ ದೊಡ್ಡ ಊರಾಗ ನನ್ನ ಹೆಸರ ಹಿಡದ ಕರೆಯೋರು ಒಬ್ಬರೂ ಇಲ್ಲ."

ಪಟ್ಟಿಯಲ್ಲಿದ್ದ ಉಳಿದ ಮೂರು ಭಾನುವಾರಗಳಿಂದ ಈ ಪ್ರಶ್ನೆಗೆ ಉತ್ತರ ಸಿಗಲ್ಲ ಅಂತ ನನಗೆ ಆಗಲೇ ಅನ್ನಿಸ್ತು. ಭಾನುವಾರ ಒಂದೇ ದಿನ. ಬದುಕೋದು ಉಳಿದ ಆರು ದಿನ.

ಎಳೆ ಎಣಿಸೋ ಕೆಲಸ

ಆ ವಾರ ಮಗಳಿಗೆ ಅಂತ ಚೌಕುಳಿ ಹಾಳೆ ತಂದಿದ್ದೆ, ಬಣ್ಣ ತುಂಬಿ ಚಿತ್ರ ಮಾಡಲಿ ಅಂತ. ಅವ್ವ ಪೆನ್ಸಿಲ್ ತಗೊಂಡು ಚೌಕ ಎಣಿಸ್ತಾ ಎಣಿಸ್ತಾ ಒಂದು ತುಳಸಿ ಕಟ್ಟೆ ಬರೆದಳು. ನೋಡಿದ ಕೂಡಲೇ ಗೊತ್ತಾಯ್ತು, ಕಸೂತಿ! ಅವಳ ಮದುವೆಯ ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಇಂಥದ್ದೇ ಕಟ್ಟೆಗಳ ಸಾಲಿದೆ. ಚಿಕ್ಕವಳಿದ್ದಾಗ ಆ ಸೀರೆ ಮುಟ್ಟಿದ್ದೇನೆ, ಕಲಿತಿರಲಿಲ್ಲ. ಇಂಜಿನಿಯರಿಂಗ್ ಸೀಟು, ಕೆಲಸ, ಮದುವೆ, ಮಗು ಅಂತ ಓಡಾಟದಲ್ಲಿ ಅದಕ್ಕೆ ಸರದಿ ಬಂದೇ ಇರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಕಸೂತಿ ಧಾರವಾಡ ಕಡೆಯ ಕೈಕೆಲಸ, ಇಳಕಲ್ ಸೀರೆಯ ಮೇಲೆ ಹೆಚ್ಚು. ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬಟ್ಟೆ ಮೇಲೆ ಪೆನ್ಸಿಲ್ಲಿನಿಂದ ಏನೂ ಬರೆಯೋ ಹಾಗಿಲ್ಲ. ನೇಯ್ಗೆಯ ಎಳೆ ಎಣಿಸಿಕೊಂಡೇ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕೋ ಹಾಗಿಲ್ಲ. ಹೊಲಿಗೆ ನಾಲ್ಕು ಬಗೆ. ಗವಂತಿ ಸಾದಾ ಗೆರೆ, ಎರಡೂ ಕಡೆ ಒಂದೇ ಥರ ಕಾಣುತ್ತೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೆ. ನೇಯ್ಗಿ ಹೆಸರೇ ಹೇಳೋ ಹಾಗೆ ನೇಯ್ದ ಥರ ಕಾಣುತ್ತೆ. ಮೆಂತೆ ಅಂದ್ರೆ ಅಡ್ಡ ಹೊಲಿಗೆ, ಮೆಂತೆಕಾಳು ಚೆಲ್ಲಿದ ಹಾಗೆ ಒತ್ತೊತ್ತಾಗಿ. ಇವುಗಳಲ್ಲೇ ಗೋಪುರ, ತೇರು, ಅಂಬಾರಿ ಆನೆ, ನವಿಲು, ಪಲ್ಲಕ್ಕಿ ಎಲ್ಲ ಮೂಡಬೇಕು.

ನಾನು ಕೂತದ್ದು ಗವಂತಿ ಕಲಿಯೋಕೆ. ಮೊದಲ ಸುತ್ತಿನಲ್ಲಿ ಸೂಜಿ ಮೇಲೊಂದು ಕೆಳಗೊಂದು ಹಾಕ್ತಾ ಹೋಗಬೇಕು. ಆಗ ಗೆರೆ ಬಿಟ್ಟು ಬಿಟ್ಟು ಕಾಣುತ್ತೆ. ಅದೇ ದಾರೀಲಿ ವಾಪಸ್ ಬರ್ತಾ ಬಿಟ್ಟ ಜಾಗ ತುಂಬಬೇಕು. ಮಧ್ಯೆ ಕವಲು ಬಂದರೆ ಕವಲಿಗೆ ಹೋಗಿ ಬಂದು ಮುಂದೆ ಹೋಗಬೇಕು. ಕೊನೆಗೆ ದಾರ ಶುರುವಾದ ಜಾಗಕ್ಕೇ ಬಂದು ನಿಲ್ಲಬೇಕು.

"ಇದು ಯಾವ ಚಿತ್ರಕ್ಕಾದ್ರೂ ಆಗ್ತದೇನವ್ವಾ? ಎಲ್ಲೋ ಒಂದ ಕಡೆ ಸಿಕ್ಕೊಂಡ ಬಿಡೂದಿಲ್ಲ?" ಅಂದೆ.

"ಹೋದ ದಾರೀಲೇ ತಿರುಗಿ ಬಂದ್ರ ಹೆಂಗ ಸಿಕ್ಕೋತದ? ಹುಚ್ಚಿ" ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಲೇಜಿನಲ್ಲಿ ಗ್ರಾಫ್ ಥಿಯರಿ ಅಂತ ಒಂದು ಪಾಠ ಇತ್ತು. ಅದರ ಮೊದಲ ಕಥೆ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳದ್ದು. ಪ್ರತಿ ಸೇತುವೆಯನ್ನು ಒಂದೇ ಸಲ ದಾಟಿ ಊರು ಸುತ್ತೋಕೆ ಆಗುತ್ತಾ ಅಂತ ಪ್ರಶ್ನೆ. ಆಗಲ್ಲ ಅಂತ ಆಯ್ಲರ್ 1736ರಲ್ಲಿ ತೋರಿಸಿಕೊಟ್ಟ. ಹೊರಟ ಜಾಗಕ್ಕೇ ಮರಳಿ ಬರಬೇಕಾದರೆ ಪ್ರತಿ ಜಾಗಕ್ಕೂ ಸಮಸಂಖ್ಯೆಯ ಸೇತುವೆ ಇರಬೇಕು. ಅಲ್ಲಿ ನಾಲ್ಕೂ ಕಡೆ ಬೆಸಸಂಖ್ಯೆ. ಗವಂತಿಯಲ್ಲಿ ಏನಾಗುತ್ತೆ ನೋಡಿ: ಪ್ರತಿ ಗೆರೆಯ ಮೇಲೂ ಎರಡು ಸಲ ಹೋಗ್ತೀವಿ. ಒಂದಿದ್ದದ್ದು ಎರಡಾಗುತ್ತೆ, ಮೂರಿದ್ದದ್ದು ಆರಾಗುತ್ತೆ. ಬೆಸ ಅನ್ನೋದೇ ಉಳಿಯಲ್ಲ. ಅಂದ್ರೆ ಗೆರೆಗಳು ಒಂದಕ್ಕೊಂದು ಕೂಡಿಕೊಂಡಿದ್ರೆ ಸಾಕು, ಯಾವ ಚಿತ್ರವೇ ಆಗಲಿ ದಾರ ಹೊರಟ ಜಾಗಕ್ಕೆ ಬಂದೇ ಬರುತ್ತೆ. ನಾನು ಎರಡನೇ ವರ್ಷದಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದನ್ನ ಅವ್ವ ಒಂದು ವಾಕ್ಯದಲ್ಲಿ ಹೇಳಿ ಮಲಗಿಬಿಟ್ಟಿದ್ದಳು.

ಎರಡನೇ ವಾರ: ಬೆಂಗಳೂರಿನ ಹೆಸರು ಇರೋ ಕಲ್ಲು

ನವೆಂಬರ್ 1 ಬಂತು. ಅಪಾರ್ಟ್‌ಮೆಂಟಿನಲ್ಲಿ ಬಾವುಟ ಹಾರಿಸಿದರು. 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಾಗ ಅವ್ವ ಐದನೇ ತರಗತಿ. ಧಾರವಾಡದ ಶಾಲೇಲಿ ಪೇಢೆ ಹಂಚಿದ್ದು ಅವಳಿಗೆ ಇನ್ನೂ ನೆನಪಿದೆ. ಮಾರನೇ ದಿನ ಭಾನುವಾರ ನಾವು ಬೇಗೂರಿಗೆ ಹೊರಟ್ವಿ.

ಬೇಗೂರು ಈಗ ಬೆಂಗಳೂರಿನ ದಕ್ಷಿಣದ ಒಂದು ಬಡಾವಣೆ. ಸುತ್ತ ಅಪಾರ್ಟ್‌ಮೆಂಟು, ನೀರಿನ ಟ್ಯಾಂಕರ್, ಟ್ರಾಫಿಕ್ಕು. ನಡುವೆ ಗಂಗರ ಕಾಲದ ನಾಗೇಶ್ವರ ದೇವಸ್ಥಾನ. ಐದು ಲಿಂಗ ಇರೋದರಿಂದ ಪಂಚಲಿಂಗ ನಾಗೇಶ್ವರ ಅಂತಲೂ ಕರೀತಾರೆ. ಅಲ್ಲಿರೋ ಒಂದು ಶಾಸನದಲ್ಲಿ ಬೆಂಗಳೂರ ಕಾಳಗದಲ್ಲಿ ಸತ್ತ ವೀರನ ಮಾತು ಬರುತ್ತೆ. ಸುಮಾರು ಕ್ರಿ.ಶ. 890ರದ್ದು. ಬೆಂಗಳೂರು ಅನ್ನೋ ಹೆಸರಿಗೆ ನಮಗೆ ಸಿಕ್ಕಿರೋ ಹಳೆಯ ಬರಹದ ಸಾಕ್ಷಿ ಇದು.

ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿ, ಹಸಿದು ಒಂದು ಗುಡಿಸಲಿಗೆ ಹೋದಾಗ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳಂತೆ, ಅದಕ್ಕೇ ಬೆಂದಕಾಳೂರು ಅಂತ ನಾವೆಲ್ಲ ಶಾಲೇಲಿ ಕೇಳಿದ್ದೀವಿ. ವೀರಬಲ್ಲಾಳ ಬಂದದ್ದು 12ನೇ ಶತಮಾನದಲ್ಲಿ. ಬೇಗೂರಿನ ಕಲ್ಲು ಅದಕ್ಕಿಂತ ಸುಮಾರು 300 ವರ್ಷ ಮೊದಲಿನದು. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ, ಅದು ಇನ್ನೂ ಈಚಿನ ಮಾತು. ಅಂದ್ರೆ ಆ ದೊರೆ ಬರೋ ಮೊದಲೇ ಊರಿಗೆ ಹೆಸರಿತ್ತು.

ಇದನ್ನ ಮಗಳಿಗೆ ಹೇಳ್ತಿದ್ರೆ ಅವ್ವ ಕಲ್ಲಿನ ಹತ್ತಿರ ಹೋಗಿ, "ವೀರಗಲ್ಲು ಅಲ್ಲೇನ ಇದು? ನಮ್ಮ ಕಡೆ ಹೊಲದ ಬದುವಿನ್ಯಾಗ ಇಂಥಾವು ಬೇಕಾದಷ್ಟ ಅದಾವು" ಅಂದಳು. ಬೆಂಗಳೂರಿಗೆ ಬಂದಮೇಲೆ ಮೊದಲ ಸಲ ಅವಳ ಬಾಯಲ್ಲಿ "ನಮ್ಮ ಕಡೆ ಹಂಗ, ಇಲ್ಲಿ ಹಿಂಗ" ಅನ್ನೋದರ ಬದಲು "ನಮ್ಮ ಕಡೇನೂ ಅದ" ಅನ್ನೋ ಧಾಟಿ ಕೇಳಿಸಿತು. ಆಮೇಲೆ ಇನ್ನೊಂದು ಮಾತೂ ಅಂದಳು: "ಕಥಿ ಸುಳ್ಳಾದ್ರೂ ಆ ಅಜ್ಜಿ ಛಲೋ ಅಕಿ. ಯಾರು ಏನು ಅಂತ ಕೇಳಲಾರದ ಮೊದಲ ಕಾಳು ಕೊಟ್ಟಳು."

ಅವತ್ತು ಸಂಜೆ ತುಳಸಿ ಲಗ್ನ. ಬಾಲ್ಕನಿಯ ಕುಂಡಕ್ಕೆ ಕಬ್ಬು, ನೆಲ್ಲಿಯ ಟೊಂಗೆ ಕಟ್ಟಿ ಅವ್ವ ದೀಪ ಹಚ್ಚಿದಳು. ಎದುರು ಮನೆಯ ಮಂಡ್ಯದ ಆಂಟಿ ಕುಂಕುಮಕ್ಕೆ ಬಂದವರು ಸೋಫಾ ಮೇಲಿದ್ದ ಕಸೂತಿ ಬಟ್ಟೆ ನೋಡಿ, "ಹಿಂದೆ ಮುಂದೆ ಒಂದೇ ಥರ ಐತಲ್ಲಮ್ಮ, ಯಾವುದು ಸರಿ ಕಡೆ?" ಅಂತ ಕೇಳಿದ್ರು. "ಎರಡೂ ಸರೀನ" ಅಂದಳು ಅವ್ವ.

ಗಿರಣಿ ಸಿಕ್ಕಿದ್ದು

ಆ ವಾರದ ದೊಡ್ಡ ಸುದ್ದಿ ಏನೂಂದ್ರೆ ಅವ್ವನಿಗೆ ಗಿರಣಿ ಸಿಕ್ಕಿತು.

ಜೋಳದ ರೊಟ್ಟಿ ತಟ್ಟೋರಿಗೆ ಇದರ ಕಷ್ಟ ಗೊತ್ತು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಅಂಟು ಇರಲ್ಲ. ಬೀಸಿ ತುಂಬಾ ದಿನ ಆದ ಹಿಟ್ಟಾದರೆ ಜಿಗಿ ಹೋಗಿ, ತಟ್ಟುವಾಗಲೇ ರೊಟ್ಟಿ ಅಂಚಿನಲ್ಲಿ ಬಿರಿಯುತ್ತೆ. ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ಹಿಟ್ಟು ಯಾವಾಗ ಬೀಸಿದ್ದೋ! ನಾನು ಆನ್‌ಲೈನಿನಲ್ಲಿ ಮೂರು ಬಗೆ ತರಿಸಿ ನೋಡಿದ್ದೆ, ಅವ್ವ ಮೂರನ್ನೂ ಉಪ್ಪಿಟ್ಟಿನ ರವೆ ಡಬ್ಬದ ಹಿಂದೆ ಇಟ್ಟಿದ್ದಳು.

ಬುಧವಾರ ಮಧ್ಯಾಹ್ನ ನಾನು ಮೀಟಿಂಗಿನಲ್ಲಿದ್ದೆ. ಅವ್ವ ಫೋನ್ ಮಾಡಿ, "ನಾ ಬಸ್ಸಿನ್ಯಾಗ ಇದ್ದೀನಿ" ಅಂದಳು. ಎದೆ ಧಸಕ್ಕಂತು. ಎಲ್ಲಿಗೆ ಅಂದ್ರೆ, ಕೆಲಸಕ್ಕೆ ಬರೋ ಗಂಗಮ್ಮನ ಕಡೆಯಿಂದ ವಿಚಾರ ಮಾಡಿಕೊಂಡು, ಎರಡು ಸ್ಟಾಪ್ ಆಚೆ ಜೋಳ ಬೀಸಿಕೊಡೋ ಗಿರಣಿಗೆ ಹೊರಟಿದ್ದಾಳೆ. ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ತಗೊಂಡಿದ್ದಾಳೆ. ಕೈಯಲ್ಲಿ ಎರಡು ಕಿಲೋ ಬಿಳಿಜೋಳದ ಚೀಲ.

ಸಂಜೆ ಮನೆಗೆ ಬಂದರೆ ಬಿಸಿ ರೊಟ್ಟಿ, ಎಣ್ಣೆಗಾಯಿ. ಅವ್ವನ ಮಾತು ನಿಲ್ತಾನೇ ಇಲ್ಲ. ಗಿರಣಿಯವರು ಗದಗದ ಕಡೆಯವರಂತೆ, ಇಲ್ಲಿ ಬಂದು ಇಪ್ಪತ್ತು ವರ್ಷ ಆಯ್ತಂತೆ. ಗೋಧಿ ಬೀಸಿದ ಮೇಲೆ ಒಂದು ಹಿಡಿ ಜೋಳ ಹಾಕಿ ಕಲ್ಲು ತೊಳೆದೇ ಜೋಳ ಬೀಸ್ತಾರಂತೆ. "ಅಕ್ಕಾರ, ಬುಧವಾರ ಬರ್ರಿ, ಅವತ್ತ ಜ್ವಾಳದ ಪಾಳಿ" ಅಂದ್ರಂತೆ. ಆ "ಅಕ್ಕಾರ" ಅನ್ನೋ ಮಾತನ್ನ ಅವ್ವ ಊಟ ಮುಗಿಯೋದರೊಳಗೆ ಮೂರು ಸಲ ಹೇಳಿದಳು.

ನಾನು ಈ ಏರಿಯಾದಲ್ಲಿ ಆರು ವರ್ಷದಿಂದ ಇದ್ದೀನಿ. ಯಾವ ಕಾಫಿ ಶಾಪಿನಲ್ಲಿ ವೈಫೈ ಚೆನ್ನಾಗಿದೆ ಅಂತ ಗೊತ್ತು. ಆ ಗಿರಣಿ ಗೊತ್ತಿರಲಿಲ್ಲ. ಲಾಲ್‌ಬಾಗ್ ಬಂಡೆನ ನಾವು ಅವ್ವನಿಗೆ ತೋರಿಸಿದ್ವಿ. ಗಿರಣಿ ಅವಳೇ ಹುಡುಕಿಕೊಂಡದ್ದು. ಬಂಡೆ ನೋಡಿದ ದಿನ "ನಿಮ್ಮ ಊರು" ಅಂತಿದ್ದವಳು ಗಿರಣಿ ಸಿಕ್ಕ ದಿನ "ನಮ್ಮ ಸ್ಟಾಪು" ಅಂದಳು.

ಮೂರನೇ ವಾರ: ಎಲ್ಲಿಗೂ ಹೋಗದ ಭಾನುವಾರ

ಪಟ್ಟಿ ಪ್ರಕಾರ ಮೂರನೇ ಭಾನುವಾರ ಚನ್ನಪಟ್ಟಣ. ಗೊಂಬೆ ಮಾಡೋದನ್ನ ಮಗಳಿಗೆ ತೋರಿಸಬೇಕು ಅಂತಿತ್ತು. ಶನಿವಾರ ರಾತ್ರಿ ಅವ್ವ, "ನೀವು ಹೋಗಿ ಬರ್ರಿ. ನಾ ಬರೂದಿಲ್ಲ. ನನಗ ನಾಳೆ ಕೆಲಸ ಅದ" ಅಂದಳು. ಈ ಮನೇಲಿ ಅವಳು "ನನಗ ಕೆಲಸ ಅದ" ಅಂದದ್ದು ಇದೇ ಮೊದಲು. ಚನ್ನಪಟ್ಟಣ ಎಲ್ಲಿಗೂ ಓಡಿಹೋಗಲ್ಲ ಅಂತ ನಾವೂ ಉಳ್ಕೊಂಡ್ವಿ.

ಹತ್ತು ಗಂಟೆಗೆ ಮಂಡ್ಯದ ಆಂಟಿ ಬಂದ್ರು. ಜೊತೆಗೆ ಅವರ ಸೊಸೆ. ಮೂರನೇ ಮಹಡಿಯಿಂದ ಇಬ್ಬರು ಕಾಲೇಜು ಹುಡುಗೀರು, ಒಬ್ಬರು ತಮಿಳು ಪಾಟಿ. ಪಾಟಿಗೆ ಕನ್ನಡ ಅಷ್ಟಕ್ಕಷ್ಟೆ, ಅವ್ವನಿಗೆ ತಮಿಳು ಒಂದಕ್ಷರ ಬರಲ್ಲ. ಎಲ್ಲರಿಗೂ ಒಂದೊಂದು ತುಂಡು ಮ್ಯಾಟಿ ಬಟ್ಟೆ, ಸೂಜಿ, ಒಂದೊಂದು ಬಣ್ಣದ ದಾರ. ಅವ್ವ ನಡುವೆ ಚಾಪೆ ಮೇಲೆ ಕೂತು ಎಳೆ ಎಣಿಸೋದು ತೋರಿಸ್ತಿದ್ದಳು.

ಪಾಟಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ್ರು. ಆಮೇಲೆ ನನ್ನ ಮಗಳ ಚೌಕುಳಿ ಹಾಳೆ ಎಳೆದುಕೊಂಡು ಚುಕ್ಕಿ ಇಟ್ಟರು. ಚುಕ್ಕಿಗಳ ಸುತ್ತ ಬಳಸಿ ಬಳಸಿ ಒಂದೇ ಗೆರೆ ಎಳೆದು, ಶುರು ಮಾಡಿದ ಜಾಗಕ್ಕೆ ತಂದು ಕೂಡಿಸಿದರು. ತಮಿಳುನಾಡಿನ ಮನೆ ಮುಂದೆಲ್ಲ ನೀವು ನೋಡಿರ್ತೀರಿ, ಸಿಕ್ಕು ಕೋಲಂ ಅಂತಾರೆ. ಹಾಳೆನ ಅವ್ವನ ಮುಂದೆ ತಳ್ಳಿ, ಬಟ್ಟೆ ಕಡೆ ಬೆರಳು ತೋರಿಸಿ ಕೈಯಲ್ಲೇ "ಎರಡೂ ಒಂದೇ ಅಲ್ವಾ?" ಅನ್ನೋ ಹಾಗೆ ಕೇಳಿದ್ರು. ಅವ್ವನ ಮುಖ ಅರಳಿತು. ಆಮೇಲೆ ಇಬ್ಬರೂ ಒಂದು ಗಂಟೆ ಹಾಳೆ ಮೇಲೆ ಹಾಳೆ ತುಂಬಿಸಿದರು. ಒಬ್ಬರು ಕನ್ನಡದಲ್ಲಿ ಎಣಿಸ್ತಾರೆ, ಇನ್ನೊಬ್ಬರು ತಮಿಳಿನಲ್ಲಿ ಎಣಿಸ್ತಾರೆ, ಲೆಕ್ಕ ಮಾತ್ರ ಒಂದೇ ಕಡೆ ಬಂದು ನಿಲ್ಲುತ್ತೆ.

ಹೋಗೋವಾಗ ಪಾಟಿ ಬಾಗಿಲಲ್ಲಿ ನಿಂತು ಅವ್ವನ ಹೆಸರು ಕೇಳಿದ್ರು. "ಸರೋಜಾ" ಅಂದಳು ಅವ್ವ. "ಸರೋಜಾ, ನಾಳೆ ವಾ" ಅಂದ್ರು ಪಾಟಿ. ಅದಕ್ಕೆ ಅರ್ಥ ಹೇಳಬೇಕಾಗಿ ಬರಲಿಲ್ಲ.

ನಾಲ್ಕನೇ ವಾರ: ಪರಿಷೆ

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಸೋಮವಾರ ಕಾಲಿಡೋಕೆ ಜಾಗ ಇರಲ್ಲ ಅಂತ ಹಿಂದಿನ ದಿನ ಬೆಳಿಗ್ಗೆಯೇ ಹೋದ್ವಿ. ಅಂಗಡಿ ಎರಡು ಮೂರು ದಿನ ಮೊದಲೇ ಬಂದಿರುತ್ತವೆ. ನ್ಯಾಷನಲ್ ಕಾಲೇಜ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದರೆ ಆಯ್ತು, ಕಾರು ತರಬೇಡಿ.

ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ದಾಸರಹಳ್ಳಿ ಇವೆಲ್ಲ ಹಳ್ಳಿಗಳಾಗಿದ್ದ ಕಾಲ. ರೈತರು ಬೆಳೆದ ಕಡಲೆಕಾಯಿಯನ್ನ ರಾತ್ರಿ ಒಂದು ಬಸವ ಬಂದು ಮೇಯ್ತಿತ್ತಂತೆ. ಅಟ್ಟಿಸಿಕೊಂಡು ಹೋದರೆ ಅದು ಕಲ್ಲಾಗಿ ಕೂತಿತಂತೆ. ಅದಕ್ಕೇ ಮೊದಲ ಫಸಲು ಬಸವಣ್ಣನಿಗೆ. ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡ ಬಸವಣ್ಣನ ಮುಂದೆ ನಿಂತರೆ ಕಥೆ ನಿಜ ಅನ್ನಿಸಿಬಿಡುತ್ತೆ. ಆ ಹಳ್ಳಿಗಳಲ್ಲಿ ಈಗ ಒಂದು ಗಿಡ ಕಡಲೆಯೂ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ, ತುಮಕೂರು ಕಡೆಯ ರೈತರು, ಆಂಧ್ರ ತಮಿಳುನಾಡಿನವರೂ ರಸ್ತೆಯ ಎರಡೂ ಬದಿ ರಾಶಿ ಹಾಕಿ ಕೂತಿರ್ತಾರೆ. ಹಸಿದು, ಹುರಿದದ್ದು, ಬೇಯಿಸಿದ್ದು. ಕೊಡೋದು ಸೇರಿನಲ್ಲಿ ಅಳೆದು.

"ಶೇಂಗಾ ಹೆಂಗ ಕೊಟ್ರಿ?" ಅಂದಳು ಅವ್ವ. ಅಂಗಡಿಯ ಹುಡುಗ ಬೆಪ್ಪಾಗಿ ನೋಡಿದ. ಮಗಳು ನಡುವೆ ಬಾಯಿ ಹಾಕಿ, "ಅಜ್ಜಿ, ಅದು ಶೇಂಗಾ ಅಲ್ಲ, ಕಡಲೆಕಾಯಿ" ಅಂತ ತಿದ್ದಿದಳು. ತುಮಕೂರಿನವರಾದ ನನ್ನ ಗಂಡ ಮಗಳ ಪಕ್ಷ. ನಮ್ಮ ಕಡೆ ಕಡಲೆ ಅಂದ್ರೆ ಬೇರೇನೇ, ಅದರಿಂದ ಬೇಳೆ ಮಾಡ್ತಾರೆ ಅಂತ ನಾನು ಅವ್ವನ ಪಕ್ಷ. ರಾಶಿಯ ಹಿಂದೆ ಕೂತಿದ್ದ ಹಿರಿಯರು ನಗ್ತಾ, "ಹೆಸರು ಏನಾದ್ರೂ ಅನ್ನಿ ತಾಯಿ, ಸಿಪ್ಪೆ ಬಿಡಿಸಿದ್ರೆ ಒಂದೇಯ" ಅಂತ ಒಂದು ಹಿಡಿ ಕೊಸರು ಹಾಕಿದರು.

ನಿಜ ಹೇಳಬೇಕೂಂದ್ರೆ ಈ ಶೇಂಗಾ ಅಥವಾ ಕಡಲೆಕಾಯಿ ನಮ್ಮದೇ ಅಲ್ಲ. ಅದರ ತವರು ದಕ್ಷಿಣ ಅಮೆರಿಕ. ಯುರೋಪಿನವರ ಹಡಗುಗಳು ಸಮುದ್ರ ದಾಟೋಕೆ ಶುರು ಮಾಡಿದ ಮೇಲೆ ಅಲ್ಲಿಂದ ಹೊರಬಿದ್ದು ಇಲ್ಲಿಗೆ ಬಂತು. ಬಂದ ಬೆಳೆಗೆ ಧಾರವಾಡದಲ್ಲಿ ಒಂದು ಹೆಸರು, ಬೆಂಗಳೂರಿನಲ್ಲಿ ಒಂದು ಹೆಸರು. ಅಲ್ಲಿ ಚಟ್ನಿ, ಹೋಳಿಗೆ. ಇಲ್ಲಿ ಒಂದು ಪರಿಷೆ, ಒಬ್ಬ ಬಸವಣ್ಣ. ಈಗ ಅದನ್ನ ಹೊರಗಿನದು ಅಂದ್ರೆ ಯಾರೂ ನಂಬಲ್ಲ.

ನಾಲ್ಕು ಸೇರು ತಂದ್ವಿ. ಅವ್ವ ಅರ್ಧಕ್ಕೆ ಬೆಳ್ಳುಳ್ಳಿ, ಜೀರಿಗೆ, ಖಾರದ ಪುಡಿ, ಉಪ್ಪು ಹಾಕಿ ಕುಟ್ಟಿ ಚಟ್ನಿ ಮಾಡಿದಳು. ಇನ್ನರ್ಧ ಹುರಿದು ಸಿಪ್ಪೆ ಕೇರಿ, ಪುಡಿ ಮಾಡಿ, ಬೆಲ್ಲ, ಎಳ್ಳು, ಏಲಕ್ಕಿ ಸೇರಿಸಿ ಶೇಂಗಾ ಹೋಳಿಗೆ. ಡಬ್ಬಿಗಳು ಎದುರು ಮನೆಗೆ, ಮೂರನೇ ಮಹಡಿಗೆ, ಗಂಗಮ್ಮನ ಮನೆಗೆ, ಬುಧವಾರ ಗಿರಣಿಗೂ ಹೋದವು.

ಅಮಾವಾಸ್ಯೆ ಬಂತು

ನಾನಾಗಿ ಕೇಳಲಿಲ್ಲ. ಅವ್ವನೇ ಹೇಳಿದಳು, ರಾತ್ರಿ ಪಾತ್ರೆ ಒರೆಸ್ತಾ: "ಮನಿ ಬಾಡಿಗಿ ಕೊಡೂದು ಬ್ಯಾಡ."

ನನಗೆ ಅಳು ಬಂದ ಹಾಗಾಯ್ತು. ಇಷ್ಟೆಲ್ಲ ಆದಮೇಲೂ ಹೋಗ್ತಾಳಲ್ಲ ಅಂತ. ಅವ್ವ ನನ್ನ ಮುಖ ನೋಡಿ ಮುಂದುವರಿಸಿದಳು. "ಪೂರಾ ಕೇಳು. ಮುಂದಿನ ತಿಂಗಳ ಹೋಗ್ತೀನಿ. ನಿಮ್ಮಪ್ಪನ ಪುಸ್ತಕಕ್ಕ ಧೂಳ ಹತ್ತಿರತದ, ಸ್ವಚ್ಛ ಮಾಡಬೇಕು. ನನ್ನ ದಾರದ ಪೆಟ್ಟಿಗಿ ತರಬೇಕು, ಚಂದ್ರಕಾಳಿ ತರಬೇಕು, ಪಾಟಿಗೆ ತೋರಿಸ್ತೀನಿ ಅಂದೀನಿ. ಸಂಕ್ರಾಂತಿಗೆ ತಿರುಗಿ ಬರ್ತೀನಿ. ಎರಡ ತಿಂಗಳ ಅಲ್ಲಿ, ಎರಡ ತಿಂಗಳ ಇಲ್ಲಿ. ನನಗ ಎರಡೂ ಮನಿ ಬೇಕು."

ಮನೆ ಒಂದೇ ಇರಬೇಕು ಅಂತ ಲೆಕ್ಕ ಹಾಕಿದ್ದು ನಾನು. ಅವ್ವ ಹಾಗೆ ಯಾವತ್ತೂ ಹೇಳಿರಲಿಲ್ಲ. ಬಾಡಿಗೆ ದುಡ್ಡು ಬರಲ್ಲ, ಬೀಗ ಹಾಕಿದ ಮನೆಗೆ ಖರ್ಚಿದೆ, ಅವಳು ಅಲ್ಲಿ ಒಬ್ಬಳೇ ಇರೋ ತಿಂಗಳು ನನಗೆ ರಾತ್ರಿ ಚಿಂತೆ ಇದ್ದೇ ಇರುತ್ತೆ. ಆದರೂ ಇದು ಅವಳೇ ಮಾಡಿದ ತೀರ್ಮಾನ. ಹಿರಿಯರನ್ನ ಊರಿಂದ ಕರ್ಕೊಂಡು ಬಂದ ನನ್ನ ಓರಗೆಯವರಿಗೆ ನಾನು ಹೇಳಬೇಕು ಅಂತಿರೋದು ಇಷ್ಟೇ: ಭಾನುವಾರ ಊರು ತೋರಿಸಿ, ತಪ್ಪದೆ ತೋರಿಸಿ. ಆದರೆ ಅವರು ತಾವೇ ಹುಡುಕಿಕೊಳ್ಳೋ ಒಂದು ಜಾಗಕ್ಕೆ, ತಾವೇ ಕಲಿಸೋ ಒಂದು ಕೆಲಸಕ್ಕೆ ಜಾಗ ಬಿಡಿ. ನೋಡಿದ ಊರು ನೆನಪಾಗುತ್ತೆ, ಕೆಲಸ ಇರೋ ಊರು ಮನೆಯಾಗುತ್ತೆ.

ನೀವೂ ಶುರು ಮಾಡೋದಾದ್ರೆ

ಕಸೂತಿಗೆ ಮೊದಲು ಮ್ಯಾಟಿ ಬಟ್ಟೆ ತಗೊಳ್ಳಿ, ಎಳೆ ಎಣಿಸೋದು ಸುಲಭ. ಕನ್ನಡಕ ಹಾಕೋರು ಹಗಲು ಬೆಳಕಿನಲ್ಲೇ ಕೂತ್ಕೊಳ್ಳಿ. ಚಿತ್ರವನ್ನ ಮೊದಲು ಚೌಕುಳಿ ಹಾಳೆ ಮೇಲೆ ಬರೆದು, ದಾರ ಹೋಗೋ ದಾರಿಗೆ ಬಾಣದ ಗುರುತು ಹಾಕಿ. ಚಿಕ್ಕ ತುಳಸಿ ಕಟ್ಟೆಯಿಂದ ಶುರು ಮಾಡಿ, ಆನೆಗೆ ಅವಸರ ಬೇಡ. ಐದಾರು ವರ್ಷದ ಮಕ್ಕಳಿಗೆ ಸೂಜಿ ಬೇಡ, ಹಾಳೆ ಮತ್ತು ಬಣ್ಣ ಸಾಕು.

ಲಾಲ್‌ಬಾಗ್ ಬಂಡೆಗೆ ಬಿಸಿಲೇರೋ ಮೊದಲೇ ಹೋಗಿ, ಮಳೆ ಬಂದಿದ್ರೆ ಜಾರುತ್ತೆ, ಹಿರಿಯರ ಕೈ ಹಿಡ್ಕೊಳ್ಳಿ. ಬೇಗೂರಿನಲ್ಲಿ ಶಾಸನದ ಕಲ್ಲು ಮುಟ್ಟಬೇಡಿ, ಅಕ್ಷರದ ಮೇಲೆ ಕುಂಕುಮ ಹಚ್ಚಬೇಡಿ. ಪರಿಷೆಗೆ ಬಟ್ಟೆ ಚೀಲ ತಗೊಂಡು ಹೋಗಿ, ಮತ್ತೆ ಕೊಸರು ಕೇಳೋದು ಮರೀಬೇಡಿ.

ನಿಮ್ಮ ಏರಿಯಾದ ಗಿರಣಿ ಎಲ್ಲಿದೆ ಅಂತ ಮನೆಯ ಹಿರಿಯರನ್ನ ಕೇಳಿ ನೋಡಿ. ನನ್ನ ಗವಂತಿ ಇನ್ನೂ ಅರ್ಧ ದಾರೀಲಿದೆ, ಹೋಗಿದ್ದೀನಿ, ವಾಪಸ್ ಬರಬೇಕು. ಸಂಕ್ರಾಂತಿಯೊಳಗೆ ಮುಗಿಸಿಡು ಅಂತ ಅವ್ವನ ಅಪ್ಪಣೆ ಆಗಿದೆ. ಚನ್ನಪಟ್ಟಣದ ಗೊಂಬೆಗಳ ಕಥೆ ಮುಂದಿನ ತಿಂಗಳು.